ಸುತ್ತಿಗೆ ಮೇಸ್ತ್ರಿ ಗಿರಣಿ ನಿಲ್ಲಿಸಿದ್ದು

ನಾನು ಸೊಸೆಯಾಗಿ ಆ ಮನೆಗೆ ಕಾಲಿಡುವ ಮೊದಲೇ ನನ್ನ ಮಾವನವರ ಹೆಸರು ಗಿರಣಿಯಲ್ಲಿ ದೊಡ್ಡದಾಗಿತ್ತು. ಹೆಸರು ಅಂದರೆ ಹೆತ್ತವರು ಇಟ್ಟ ಹೆಸರಲ್ಲ, ಅದು ಸಂಬಳದ ದಿನ ಬಿಟ್ಟರೆ ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವರು ಸುತ್ತಿಗೆ ಮೇಸ್ತ್ರಿ. ಯಾವ ಯಂತ್ರ ಕೆಟ್ಟು ಕೂತರೂ ಜನ ಮೊದಲು ಓಡುತ್ತಿದ್ದುದು ಅವರ ಹತ್ತಿರ. ಅವರು ಬಂದು ಯಂತ್ರದ ಸುತ್ತ ಒಂದು ಸಲ ನಿಧಾನವಾಗಿ ನಡೆದು, ಸೊಂಟಕ್ಕೆ ಸಿಕ್ಕಿಸಿದ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿ, ತೋಳು ಮಡಚುತ್ತಿದ್ದರು. ತೋಳು ಮಡಚಿದರೆಂದರೆ ಯಂತ್ರ ಓಡಿತೆಂದೇ ಲೆಕ್ಕ. ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರೇ ಟೀ ತರಿಸಿ ಕೈಗೆ ಕೊಡುತ್ತಿದ್ದರು.

ನಮ್ಮದು ತಾಳೆ ಎಣ್ಣೆಯ ಗಿರಣಿ. ತೋಟಗಳಿಂದ ಲಾರಿಗಳಲ್ಲಿ ಗೊನೆ ಬರುತ್ತದೆ. ಒಂದೊಂದು ಗೊನೆಯೂ ಎರಡು ಕೈಯಲ್ಲಿ ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ, ಮೈತುಂಬ ಮುಳ್ಳು, ಮುಳ್ಳಿನ ನಡುವೆ ಕೆಂಪು ಹಣ್ಣು. ಕೊಯ್ದ ಹಣ್ಣು ಕಾಯುವುದಿಲ್ಲ. ಬೇಗ ಬೇಯಿಸದಿದ್ದರೆ ಎಣ್ಣೆಗೆ ಹುಳಿ ಏರುತ್ತದೆ. ಹಬೆಯಲ್ಲಿ ಬೆಂದ ಗೊನೆಗಳನ್ನು ಕೋಣೆಯಷ್ಟು ದೊಡ್ಡ ಪಂಜರದಂಥ ಡ್ರಮ್ಮಿನಲ್ಲಿ ಉರುಳಿಸಿದರೆ ಹಣ್ಣು ಉದುರಿ ಸಂದಿಯಿಂದ ಕೆಳಗೆ ಬೀಳುತ್ತದೆ. ಅದನ್ನು ಕಲಸಿ ಮೆತ್ತಗೆ ಮಾಡಿ, ಜೋಡಿ ತಿರುಪುಗಳಿರುವ ಪ್ರೆಸ್ಸಿನಲ್ಲಿ ಹಿಂಡಿದರೆ ಎಣ್ಣೆ ಒಂದು ಕಡೆ, ನಾರೂ ಬೀಜವೂ ಇನ್ನೊಂದು ಕಡೆ. ಆ ನಾರಿನಲ್ಲಿ ಎಷ್ಟು ಎಣ್ಣೆ ಹಿಂಡದೇ ಉಳಿದಿದೆ ಎಂದು ನೋಡುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಉಳಿದದ್ದು ನಾರಿನ ಜೊತೆ ಬಾಯ್ಲರಿನ ಬೆಂಕಿಗೆ ಹೋಗುತ್ತದೆ. ಅಂದರೆ ನಾನು ದಿನವೂ ಅಳೆಯುತ್ತಿದ್ದದ್ದು ನಮ್ಮ ಕೈತಪ್ಪಿ ಒಲೆ ಸೇರುವ ಎಣ್ಣೆಯನ್ನು.

ಮನೆಯಲ್ಲಿ ರಾತ್ರಿ ಊಟಕ್ಕೆ ಕೂತರೆ ಮಾವನವರದು ಒಂದೇ ಕತೆ: ಇವತ್ತು ಏನು ಮುರಿಯಿತು, ತಾವು ಹೇಗೆ ಎಬ್ಬಿಸಿ ನಿಲ್ಲಿಸಿದರು. ಹೇಳುವಾಗ ಎಡಗೈ ಆಡಿಸುತ್ತಿದ್ದರು. ಅದರ ಎರಡು ಬೆರಳಿಗೆ ತುದಿಯಿಲ್ಲ. ಹಿಂದೊಮ್ಮೆ ಅವಸರದ ರಿಪೇರಿಯ ನಡುವೆ ಪ್ರೆಸ್ಸು ತಿರುಗಿದಾಗ ಹೋದದ್ದು. ನನ್ನ ಗಂಡ ಹುಟ್ಟಿದಾಗಲೂ ಅವರು ಬಾಯ್ಲರಿನ ಹೊಟ್ಟೆಯೊಳಗಿದ್ದರಂತೆ, ಅವನಿಗೆ ಮೊದಲ ಹಲ್ಲು ಬಂದದ್ದನ್ನು ನೆರೆಯವರು ಹೇಳಿದ ಮೇಲೆ ನೋಡಿದರಂತೆ. ಅತ್ತೆ ಇದನ್ನೆಲ್ಲ ದೂರಿನಂತೆ ಹೇಳುತ್ತಿರಲಿಲ್ಲ. ಸಾರು ಬಡಿಸುತ್ತಾ, ಪಕ್ಕದ ಮನೆಯವರ ಸಂಗತಿಯೆಂಬಂತೆ ಹೇಳುತ್ತಿದ್ದರು.

ಹೀಗಿರುವಾಗ ಗಿರಣಿಗೆ ಹೊಸ ಎಂಜಿನಿಯರ್ ಬಂದರು. ಯಂತ್ರಗಳ ಉಸ್ತುವಾರಿಯೆಲ್ಲ ಅವರದು. ಹೆಂಗಸು, ಗಿಡ್ಡ ಆಳು, ಕಿವಿಯ ಪಕ್ಕ ನರೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಬಟ್ಟೆ. ಬಸ್ಸು ಓಡಿಸಿ ನಿವೃತ್ತರಾದ ವಯಸ್ಸಾದ ತಂದೆಯನ್ನು ಜೊತೆಗೆ ಕರೆದುಕೊಂಡು ಗಿರಣಿಯ ಹಿಂದಿನ ಕ್ವಾರ್ಟರ್ಸಿನಲ್ಲಿ ಮನೆ ಹೂಡಿದರು. ಬಂದ ಹೊಸತರಲ್ಲಿ ಅವರು ಏನನ್ನೂ ಬದಲಾಯಿಸಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಯಂತ್ರದ ಹತ್ತಿರ ಹೋಗಿ, ಮೈಮೇಲಿನ ಮಸಿ ಒರೆಸಿ, ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಮೇಡಂ ಮಿಷಿನ್ನಿಗೆ ಜ್ವರ ನೋಡುತ್ತಿದ್ದಾರೆ ಎಂದು ಹುಡುಗರು ನಕ್ಕರು. ಜ್ವರ ಇದ್ದರೆ ಗಂಜಿ ಕುಡಿಸುತ್ತಾರೇನೋ ಎಂದು ಮಾವನವರೂ ಸೇರಿಸಿದರು.

ಅವರು ಮೊದಲು ಬಾಯಿ ಬಿಟ್ಟದ್ದು ನನ್ನ ಪ್ರಯೋಗಾಲಯದಲ್ಲಿ. ನಾರಿನಲ್ಲಿ ಎಣ್ಣೆ ಇಷ್ಟೊಂದು ಉಳಿಯುತ್ತಿರುವುದು ಯಾವಾಗಿನಿಂದ ಎಂದು ಕೇಳಿದರು. ಬಹಳ ದಿನದಿಂದ ಏರುತ್ತಲೇ ಇದೆ, ಏರಿದಾಗೆಲ್ಲ ಪ್ರೆಸ್ಸಿನ ಬಾಯಿ ಇನ್ನಷ್ಟು ಬಿಗಿಮಾಡುತ್ತಾರೆ ಎಂದೆ. ಬಿಗಿಮಾಡಿದರೆ ಬೀಜ ಒಡೆಯುವುದಿಲ್ಲವೇ ಎಂದರು. ಒಡೆಯುತ್ತದೆ ಎಂದೆ. ಅವರು ಕಿಟಕಿಯಾಚೆ ನೋಡುತ್ತಾ, "ಅಲ್ಲಮ್ಮ, ನಾವೆಲ್ಲ ಮಿಷಿನ್ನು ಎಷ್ಟು ಹೊತ್ತು ಓಡ್ತು ಅಂತ ಮಾತ್ರ ಕೇಳ್ತೀವಿ. ಎಷ್ಟು ಚುರುಕಾಗಿ ಓಡ್ತು, ಹೊರಗೆ ಬಂದದ್ದರಲ್ಲಿ ಚೆನ್ನಾಗಿರೋದೆಷ್ಟು ಅಂತ ಕೇಳೋದೇ ಇಲ್ಲ. ಈ ಮೂರೂ ಸೇರಿದರೆ ತಾನೇ ಕೆಲಸ?" ಎಂದರು. ನನಗೆ ಆ ಮಾತು ಅಲ್ಲೇ ನಾಟಿತು. ನಾನು ಅಳೆಯುತ್ತಿದ್ದದ್ದು ಆ ಮೂರನೆಯದನ್ನು. ಅದನ್ನು ಅಲ್ಲಿಯವರೆಗೆ ಯಾರೂ ಕೆಲಸದ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಮರುದಿನ ಅವರು ಮ್ಯಾನೇಜರ್ ಬಳಿ ಹೋಗಿ, ವಾರಕ್ಕೊಂದು ಬೆಳಗ್ಗೆ ಗಿರಣಿ ನಿಲ್ಲಿಸಿ ಯಂತ್ರಗಳನ್ನು ಬಿಚ್ಚಿ ನೋಡಬೇಕು ಎಂದರು. ಮ್ಯಾನೇಜರ್ ಕೆಟ್ಟವರಲ್ಲ, ಆದರೆ ಹೊರಗೆ ಲಾರಿ ನಿಂತಿರುವುದನ್ನು ಕಂಡರೆ ಅವರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಓಡುವ ಗಿರಣಿಯನ್ನು ಕೈಯಾರೆ ನಿಲ್ಲಿಸುವುದೇ ಎಂದು ಅವರು ಕೇಳಿದರಂತೆ. ಅದಕ್ಕೆ ಮೇಡಂ ಕೊಟ್ಟ ಉತ್ತರ ಆಮೇಲೆ ಗಿರಣಿಯೆಲ್ಲ ಸುತ್ತಾಡಿತು: "ಮಿಷಿನ್ನು ಈಗಲೂ ನಿಲ್ತಾನೇ ಇದೆ ಸಾರ್. ಅದಕ್ಕೆ ಬೇಕಾದಾಗ ನಿಲ್ತಿದೆ. ನಮಗೆ ಬೇಕಾದಾಗ ನಿಲ್ಲಲಿ ಅಂತೀನಿ, ಅಷ್ಟೇ."

ಅಂದಿನಿಂದ ಅವರಿಗೆ ನಿಲ್ಸಮ್ಮ ಎಂಬ ಹೆಸರು ಬಿತ್ತು.

ಮ್ಯಾನೇಜರ್ ಅರೆಮನಸ್ಸಿನಿಂದ ಒಪ್ಪಿದರು. ಮೊದಲ ನಿಲುಗಡೆಯಲ್ಲಿ ಪ್ರೆಸ್ಸನ್ನು ಬಿಚ್ಚಿದರು. ಒಳಗಿನ ತಿರುಪುಗಳು ಸವೆದು, ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ಒಂದು ಕಡೆಗೆ ಜಾರಿದ್ದವು. ಹಿಂಡಬೇಕಾದ ಅಂಚೇ ಇಲ್ಲದ ಮೇಲೆ ಬಾಯಿ ಎಷ್ಟು ಬಿಗಿಮಾಡಿದರೇನು? ಬಿಗಿಮಾಡಿದ್ದವರು ಮಾವನವರೇ. ಮೇಡಂ ಅವರತ್ತ ತಿರುಗಿ, ಹೊಸ ತಿರುಪು ಬರುವವರೆಗೆ ಹಳೆಯದರ ಅಂಚಿಗೆ ಬೆಸುಗೆ ತುಂಬಿಸಬಹುದೇ ಎಂದು ಮಾತ್ರ ಕೇಳಿದರು. ಅವರು ತುಂಬಿಸಿದರು. ಅಂಥ ಬೆಸುಗೆಯನ್ನು ಎಲ್ಲೂ ಕಂಡಿಲ್ಲ ಎಂದು ಮೇಡಂ ನನ್ನೆದುರೇ ಹೇಳಿದರು. ಆ ವಾರ ನಾರು ನನ್ನ ಕೈಗೆ ಒಣಗಿದಂತೆ ಬಂತು. ಒಲೆಗೆ ಹೋಗುತ್ತಿದ್ದ ಎಣ್ಣೆ ತೊಟ್ಟಿಗೆ ಬಂದಿತ್ತು. ಅದನ್ನು ಖುಷಿಯಿಂದ ಮನೆಯಲ್ಲಿ ಹೇಳಿದೆ. ಮಾವನವರು ತಟ್ಟೆ ನೋಡುತ್ತಲೇ ಉಂಡು ಎದ್ದರು.

ದಿನ ಕಳೆದಂತೆ ಅವರ ಮುಖ ಸಣ್ಣದಾಗುತ್ತಾ ಬಂತು. ಕೆಡುವುದು ಕಡಿಮೆಯಾಗಿತ್ತು, ಕರೆ ಬರುವುದೂ ಕಡಿಮೆಯಾಗಿತ್ತು. ನಿಲ್ಸಮ್ಮ ಗ್ರೀಸು ಹಾಕುವ ಜಾಗಗಳಿಗೆಲ್ಲ ಕೆಂಪು ಬಣ್ಣ ಬಳಿಸಿದರು, ಕಣ್ಣು ತಪ್ಪಬಾರದೆಂದು. ಕಸ ಗುಡಿಸುವ ಹೆಂಗಸರನ್ನು ಕೂರಿಸಿಕೊಂಡು, ಯಂತ್ರ ಒರೆಸುವಾಗ ನಿಮ್ಮ ಕೈಗೆ ಏನು ತಾಗಿದರೂ ಬಂದು ಹೇಳಿ, ಬಿಸಿ, ನಡುಕ, ಸಡಿಲ ಬೋಲ್ಟು, ಏನೇ ಆಗಲಿ, ತಪ್ಪಾದರೂ ಪರವಾಗಿಲ್ಲ ಎಂದರು. ಆ ಹೆಂಗಸರಲ್ಲಿ ಒಬ್ಬಳು ಸಣಕಲು, ಮಾತಿನ ಮಲ್ಲಿ, ಎಲ್ಲರೂ ಗುಬ್ಬಿ ಎನ್ನುತ್ತಿದ್ದೆವು. ಅವಳು ಮೊದಲ ದಿನವೇ ಹೋಗಿ, ಗಡಿಯಾರ ಹಿಂದೆ ಬಿದ್ದಿದೆ ಎಂದು ದೂರು ಕೊಟ್ಟಳು. ಮೇಡಂ ನಗದೆ ಅದನ್ನೂ ಸರಿಮಾಡಿಸಿದರು. ಆಮೇಲೆ ಗುಬ್ಬಿ ನಿಜವಾಗಿಯೂ ಹುಡುಕತೊಡಗಿದಳು.

ಒಂದು ಸಂಜೆ ಮೇಡಂ ನಮ್ಮ ಮನೆಗೇ ಬಂದರು. ಅವರ ತಂದೆಯೂ ಜೊತೆಗಿದ್ದರು. ಅತ್ತೆ ಅವರನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ದಿಂಬು ಕೊಟ್ಟರು. ಒಂದಷ್ಟು ಹೊತ್ತು ಬಸ್ಸಿನ ಮಾತು, ಮಂಡಿನೋವಿನ ಮಾತು ಆಯಿತು. ಮಾವನವರು ಹೂಂ ಉಹೂಂ ಎನ್ನುತ್ತಾ ಕೂತಿದ್ದರು. ಕೊನೆಗೆ ಮೇಡಂ ನೇರವಾಗಿ ಹೇಳಿದರು:

"ಮೇಸ್ತ್ರಿ, ಕೆಟ್ಟಿದ್ದನ್ನ ನಿಮ್ಮಷ್ಟು ಚೆನ್ನಾಗಿ ಎತ್ತಿ ನಿಲ್ಲಿಸೋರನ್ನ ನಾನು ಕಂಡಿಲ್ಲ. ಆದರೆ ನನಗೆ ಬೇಕಾಗಿರೋದು ಕೆಡೋಕೆ ಮುಂಚಿನ ನಿಮ್ಮ ಕಿವಿ."

ಮಾವನವರು ಎಡಗೈ ಬೆರಳುಗಳನ್ನು ನೋಡಿಕೊಂಡರು. "ಕೆಡದೇ ಇದ್ರೆ ನಾನು ಯಾತಕ್ಕೆ ಮೇಡಂ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮನೆಗೆ."

ಮೇಡಂನ ತಂದೆ ಕುಲುಕುಲು ನಕ್ಕರು. ನಾನೂ ಬಸ್ಸು ಹೊರಡುವ ಮುಂಚೆ ಚಕ್ರ ತಟ್ಟಿ ನೋಡುತ್ತಿದ್ದೆ, ದಾರಿಯಲ್ಲಿ ಪಂಕ್ಚರ್ ಹಾಕಿ ಚಪ್ಪಾಳೆ ಗಿಟ್ಟಿಸುವ ಯೋಗ ಒಮ್ಮೆಯೂ ಬರಲಿಲ್ಲ ಎಂದರು. ಮಾವನವರು ನಗಲಿಲ್ಲ. ಆದರೆ ಅತಿಥಿಗಳು ಹೊರಟಾಗ ಟಾರ್ಚ್ ಹಿಡಿದು ಕ್ವಾರ್ಟರ್ಸಿನ ಬಾಗಿಲವರೆಗೂ ಬಿಟ್ಟು ಬಂದರು.

ಮಾರನೆಯ ದಿನದಿಂದ ಅವರು ಮೇಡಂ ಜೊತೆ ಯಂತ್ರಗಳನ್ನು ಸುತ್ತಿ ನೋಡಲು ಹೊರಟರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು, ತಿರುಗುವ ದಂಡವನ್ನು ಹೊರುವ ಬೇರಿಂಗಿನ ಗೂಡಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು ಅವರಿಗೆ ಮೊದಲೇ ಗೊತ್ತಿತ್ತು. ಕೆಟ್ಟ ಮೇಲೆ ಕೇಳುತ್ತಿದ್ದವರು ಈಗ ಚೆನ್ನಾಗಿರುವಾಗ ಕೇಳತೊಡಗಿದರು. ಅವರಿಗೆ ಗೊತ್ತಿಲ್ಲದ್ದನ್ನೂ ಕಲಿತರು. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಅವರ ಹಳೆಯ ರೂಢಿ. ಬಡಿದ ಪೆಟ್ಟು ಒಳಗಿನ ಉರುಳೆಗಳಿಗೆ ಗಾಯ ಮಾಡುತ್ತದೆ, ಎಣ್ಣೆಯಲ್ಲಿ ಬಿಸಿಮಾಡಿ ಹಿಗ್ಗಿಸಿದರೆ ತಾನಾಗಿ ಜಾರಿ ಕೂರುತ್ತದೆ ಎಂದು ಮೇಡಂ ಮಾಡಿ ತೋರಿಸಿದಾಗ ಅವರು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತರಂತೆ. ಇಷ್ಟು ವರ್ಷ ಎಷ್ಟು ಬೇರಿಂಗಿಗೆ ನಾನೇ ಆಯುಸ್ಸು ಕಡಿಮೆ ಮಾಡಿದೆನೋ ಎಂದು ಅವತ್ತು ರಾತ್ರಿ ಅತ್ತೆಯ ಹತ್ತಿರ ಹೇಳಿಕೊಂಡರು. ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮನುಷ್ಯ ಹಾಗೆ ಹೇಳಿಕೊಳ್ಳಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಹಣ್ಣಿನ ಸುಗ್ಗಿ ಬಂತು. ಲಾರಿಗಳ ಸಾಲು ಗೇಟು ದಾಟಿ, ಮುಖ್ಯ ರಸ್ತೆಯ ತಿರುವಿನವರೆಗೆ ಹೋಯಿತು. ಅದೇ ಹೊತ್ತಿಗೆ ಮೇಡಂನ ತಂದೆಗೆ ಎದೆನೋವು ಬಂದು, ಅವರನ್ನು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೋಗುವಾಗ ಮೇಡಂ ಮಾವನವರಿಗೆ ಹೆಚ್ಚೇನೂ ಹೇಳಲಿಲ್ಲ. ಗೋದಾಮಿನ ಬೀಗದ ಕೈ ಕೊಟ್ಟು, ಡ್ರಮ್ಮಿನ ಬೇರಿಂಗು ಹೊಸದೊಂದು ತರಿಸಿಟ್ಟಿದೆ, ಬೇಕಾದರೆ ತೆಗೆದುಕೊಳ್ಳಿ ಎಂದರಷ್ಟೆ.

ಅವರು ಹೋದ ವಾರವೇ ಒಂದು ಬೆಳಗ್ಗೆ ಗುಬ್ಬಿ ಗುಡಿಸುವುದನ್ನು ಬಿಟ್ಟು ಮಾವನವರನ್ನು ಹುಡುಕಿಕೊಂಡು ಬಂದಳು. ಡ್ರಮ್ಮಿನ ಆಚೆ ತುದಿಯ ಗೂಡು ನಿನ್ನೆಗಿಂತ ಬಿಸಿಯಿದೆ, ಒರೆಸಿದ ಬಟ್ಟೆಯಲ್ಲಿ ಗ್ರೀಸು ಕಪ್ಪಾಗಿ ಬರುತ್ತಿದೆ ಎಂದಳು. ನಾನು ಮಾದರಿ ನಾರು ತೆಗೆದುಕೊಳ್ಳಲು ಅಲ್ಲೇ ಹೋಗಿದ್ದೆ. ಮಾವನವರು ಆ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಕಪ್ಪಿನಲ್ಲಿ ಸಣ್ಣಗೆ ಏನೋ ಮಿನುಗಿತು. ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದರು. ಡ್ರಮ್ಮು ಗಡಗಡ ಉರುಳುತ್ತಿತ್ತು, ಗೊನೆಗಳು ಧಪಧಪ ಬೀಳುತ್ತಿದ್ದವು. ಆ ಗದ್ದಲದಲ್ಲಿ ನನಗೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ. ಅವರು ನನ್ನನ್ನು ಹತ್ತಿರ ಕರೆದು ಹಿಡಿಯನ್ನು ನನ್ನ ಕಿವಿಗೆ ಇಟ್ಟರು. ಒಳಗೆ, ಬಹಳ ಒಳಗೆ, ಹಲ್ಲಿ ಲೊಚಗುಟ್ಟಿದಂಥ ಸದ್ದು, ಒಂದೇ ಲಯದಲ್ಲಿ, ಮತ್ತೆ ಮತ್ತೆ.

"ಓಡುತ್ತಾ ಮಾವ?" ಎಂದು ಕೇಳಿದೆ.

"ಓಡುತ್ತೆ ಕಣಮ್ಮ. ಇವತ್ತು ಓಡುತ್ತೆ, ನಾಳೆ ಓಡಿದರೂ ಓಡಬಹುದು. ಅದೇ ತಾಪತ್ರಯ."

ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಅರ್ಥವಾಯಿತು. ಹಿಂದಿನ ಮೇಸ್ತ್ರಿಯಾಗಿದ್ದರೆ ಸುಮ್ಮನಿರುತ್ತಿದ್ದರು. ಡ್ರಮ್ಮು ಒಂದು ದಿನ ಕಿರುಚಿ ನಿಲ್ಲುತ್ತಿತ್ತು, ಗಿರಣಿಯೆಲ್ಲ ಅವರತ್ತ ಓಡುತ್ತಿತ್ತು, ಅವರು ಹಗಲಿರುಳು ದುಡಿದು ಅದನ್ನು ಎಬ್ಬಿಸುತ್ತಿದ್ದರು, ಸುಗ್ಗಿಯ ಆ ಕತೆಯನ್ನು ಜನ ವರ್ಷಗಟ್ಟಲೆ ಹೇಳುತ್ತಿದ್ದರು. ಅವರು ಒಮ್ಮೆ ಡ್ರಮ್ಮಿನ ಕೆಳಗೆ ನೋಡಿದರು. ಉದುರಿದ ಹಣ್ಣು ಆಯುತ್ತಾ ಗುಬ್ಬಿಯ ಜೊತೆಗಾತಿಯರು ಬಗ್ಗಿದ್ದರು. ಮಾವನವರು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಹೊಸ ಗೊನೆ ಬಿಡಬೇಡಿ, ಒಳಗಿರುವುದು ಖಾಲಿಯಾಗಲಿ ಎಂದರು. ಖಾಲಿಯಾದ ಮೇಲೆ ತಾವೇ ಹೋಗಿ ಗುಂಡಿ ಒತ್ತಿದರು.

ಸದ್ದು ನಿಂತದ್ದೇ ತಡ, ಮ್ಯಾನೇಜರ್ ಮೆಟ್ಟಿಲಿಳಿದು ಬಂದರು. ಏನು ಮುರಿಯಿತು ಎಂದು ಕೇಳಿದರು. ಏನೂ ಮುರಿದಿಲ್ಲ ಎಂದು ಮಾವನವರು ಹೇಳಿದರು. ಮುರಿಯದಿದ್ದರೆ ನಿಲ್ಲಿಸಿದ್ದೇಕೆ, ರಸ್ತೆಯವರೆಗೆ ಲಾರಿ ನಿಂತಿರುವುದು ಕಾಣುವುದಿಲ್ಲವೇ, ಮೇಡಂ ಇಲ್ಲದಾಗ ನೀವೂ ಹೀಗೆ ಶುರುಮಾಡಿದರೆ ನನ್ನ ಗತಿಯೇನು ಎಂದು ಅವರು ಒಂದೇ ಸಮನೆ ಕೇಳಿದರು. ಸುತ್ತ ಜನ ಸೇರಿದ್ದರು. ಅಷ್ಟು ಜನರೆದುರು ಮಾವನವರ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಅವರು ತಲೆ ತಗ್ಗಿಸಲೂ ಇಲ್ಲ, ಎದುರು ಮಾತಿಗೆ ನಿಲ್ಲಲೂ ಇಲ್ಲ.

"ಸಾರ್, ಈಗ ನಾವು ನಿಲ್ಲಿಸಿದರೆ ಮಧ್ಯಾಹ್ನಕ್ಕೆ ಓಡುತ್ತೆ. ಅದಾಗಿ ನಿಂತರೆ ಯಾವಾಗ ಓಡುತ್ತೆ ಅಂತ ನನಗೂ ಗೊತ್ತಿಲ್ಲ. ನನಗೇ ಗೊತ್ತಿಲ್ಲ ಅಂದ್ರೆ ನೀವೇ ಯೋಚನೆ ಮಾಡಿ."

ಮ್ಯಾನೇಜರ್ ಒಂದು ಗಳಿಗೆ ಅವರ ಮುಖ ನೋಡಿ, ಲಾರಿಯವರಿಗೆ ತಾವೇ ಸಮಾಧಾನ ಹೇಳಲು ಗೇಟಿನತ್ತ ಹೋದರು.

ಮುಂದಿನ ಕೆಲಸ ನೋಡಲು ಕಣ್ಣಿಗೆ ಹಬ್ಬವಾಗಿತ್ತು. ಓಡಾಟವಿಲ್ಲ, ಕೂಗಾಟವಿಲ್ಲ. ಡ್ರಮ್ಮಿನ ಭಾರವನ್ನು ಚೈನ್ ಪುಲ್ಲಿಯಿಂದ ಕೂದಲೆಳೆಯಷ್ಟು ಎತ್ತಿ ಹಿಡಿದರು. ಗೂಡಿನ ಮೇಲಿನ ಅರ್ಧ ಬಿಚ್ಚಿ ಕೆಳಗಿಟ್ಟರು. ಹಳೆಯ ಬೇರಿಂಗು ಹೊರಗೆ ಬರುವಷ್ಟರಲ್ಲಿ ಇತ್ತ ಹೊಸದು ಎಣ್ಣೆಯಲ್ಲಿ ಬಿಸಿಯಾಗುತ್ತಿತ್ತು. ಮಾವನವರು ದಪ್ಪ ಕೈಗವಸು ತೊಟ್ಟು, ಮಗುವನ್ನು ಸ್ನಾನದಿಂದ ಎತ್ತಿದಂತೆ ಅದನ್ನೆತ್ತಿ ದಂಡದ ಮೇಲೆ ಜಾರಿಸಿದರು. ಅದು ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿ ಕೂತಿತು. ಸೊಂಟದ ಸುತ್ತಿಗೆ ಸೊಂಟದಲ್ಲೇ ಇತ್ತು.

ಹಳೆಯ ಬೇರಿಂಗನ್ನು ತೊಳೆದು ಮೇಜಿನ ಮೇಲಿಟ್ಟಾಗ ಎಲ್ಲರೂ ಬಗ್ಗಿ ನೋಡಿದೆವು. ನೋಡುವುದಕ್ಕೆ ಏನೂ ಇರಲಿಲ್ಲ. ಉರುಳೆಗಳು ಹೊಳೆಯುತ್ತಿದ್ದವು. ಮ್ಯಾನೇಜರ್ ಇದಕ್ಕಾಗಿಯೇ ಇಷ್ಟೆಲ್ಲವೇ ಎಂಬಂತೆ ಹುಬ್ಬೇರಿಸಿ ಮೇಲೆ ಹೋದರು. ಮಾವನವರು ಮಾತ್ರ ಒಳಬಳೆಯ ಮೇಲೆ ಬೆರಳಾಡಿಸಿ ಒಂದು ಕಡೆ ತಡೆದರು. ಉಗುರು ಸಿಕ್ಕಿಕೊಳ್ಳುವಷ್ಟು ಒಂದು ಚಿಕ್ಕ ಕುಳಿ. ಗೂಡಿನೊಳಗೆ ಧೂಳು ಹೋಗದಂತೆ ಹಾಕಿದ್ದ ರಬ್ಬರು ಹರಿದು, ಆ ಸಂದಿಯಿಂದ ಹೋದ ನಾರಿನ ಧೂಳು ಗ್ರೀಸನ್ನು ಕೆಡಿಸಿ, ಅಲ್ಲಿ ಉಕ್ಕು ಚಕ್ಕೆಯೇಳಲು ಶುರುವಾಗಿತ್ತು. ಶುರು ಮಾತ್ರ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಊಟದ ಹೊತ್ತು ಕಳೆದು ಸ್ವಲ್ಪಕ್ಕೇ ಡ್ರಮ್ಮು ಮತ್ತೆ ಉರುಳಿತು.

ಆ ರಾತ್ರಿ ಊಟಕ್ಕೆ ಕೂತಾಗ ಅವರು ಎಂದಿನಂತೆ ಕತೆ ತೆಗೆದರು. ಗುಬ್ಬಿ ಬಂದದ್ದು, ಬಟ್ಟೆ ಮಿನುಗಿದ್ದು, ಸದ್ದು ಕೇಳಿಸಿದ್ದು, ನಿಲ್ಲಿಸಿದ್ದು, ಬದಲಾಯಿಸಿದ್ದು. ನನ್ನ ಗಂಡ, ಆಮೇಲೆ ಏನಾಯಿತು ಎಂದು ಕೇಳಿದ. ಏನೂ ಆಗಲಿಲ್ಲ ಎಂದರು ಮಾವನವರು. ಕತೆ ಅಲ್ಲಿಗೇ ಮುಗಿದದ್ದು ಅವರಿಗೇ ವಿಚಿತ್ರವಾಗಿ ಕಂಡಿರಬೇಕು. ಆಗ ಅತ್ತೆ ಬಡಿಸುತ್ತಿದ್ದ ಸೌಟು ಕೆಳಗಿಟ್ಟು ಎದುರಿಗೆ ಕೂತು, "ಇನ್ನೊಂದು ಸಲ ಹೇಳಿ, ನಾನು ಮೊದಲಿಂದ ಕೇಳಿಸಿಕೊಳ್ಳಲಿಲ್ಲ" ಎಂದರು. ಅವರು ಮೊದಲಿನಿಂದ ಹೇಳಿದರು. ಗಂಡನ ಗಿರಣಿ ಕತೆಯನ್ನು ಅತ್ತೆ ಕೂತು ಕೇಳಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಮೇಡಂನ ತಂದೆ ಚೇತರಿಸಿಕೊಂಡರು. ಅವರನ್ನು ಮನೆಗೆ ಕರೆತಂದ ಮರುದಿನ ಮೇಡಂ ಗಿರಣಿಗೆ ಬಂದರು. ಯಾರೋ ದಾರಿಯಲ್ಲೇ ಸುದ್ದಿ ಮುಟ್ಟಿಸಿದ್ದರು, ಮೇಸ್ತ್ರಿ ಸುಮ್ಮಸುಮ್ಮನೆ ಸುಗ್ಗಿಯಲ್ಲಿ ಗಿರಣಿ ನಿಲ್ಲಿಸಿದರು ಎಂದು. ಅವರು ನೇರ ಕಾರ್ಯಾಗಾರಕ್ಕೆ ಹೋಗಿ ಬೇರಿಂಗು ಕೇಳಿದರು. ಮಾವನವರು ಬಟ್ಟೆ ಬಿಚ್ಚಿ ಕೈಗೆ ಕೊಟ್ಟರು. ಮೇಡಂ ಬೆರಳಾಡಿಸಿದರು. ಕುಳಿ ಸಿಕ್ಕಿದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಪರೀಕ್ಷೆಯಲ್ಲಿ ಮಗ ಗೆದ್ದು ಬಂದರೂ ತಾಯಿಯ ಮುಖ ಹಾಗೆ ಅರಳಲಿಕ್ಕಿಲ್ಲ. ಇಷ್ಟು ಬೇಗ ಹಿಡಿಯುವುದು ನನ್ನಿಂದಲೂ ಆಗುತ್ತಿತ್ತೋ ಇಲ್ಲವೋ ಎಂದರು. ಹಿಡಿದದ್ದು ನಾನಲ್ಲ, ಗುಬ್ಬಿ ಎಂದರು ಮಾವನವರು.

ಆ ವಾರದ ನಿಲುಗಡೆಯ ಬೆಳಗ್ಗೆ ಮೇಡಂ ಎಲ್ಲರನ್ನೂ ಡ್ರಮ್ಮಿನ ಪಕ್ಕ ಸೇರಿಸಿದರು. ಭಾಷಣವೇನೂ ಮಾಡಲಿಲ್ಲ. ಬೇರಿಂಗನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರೇ ಬಂದು ಮುಟ್ಟಿ ನೋಡಿ ಎಂದರು. ಮೊದಲು ಗುಬ್ಬಿ ಬಂದಳು, ಸೆರಗಿಗೆ ಕೈ ಒರೆಸಿಕೊಂಡು ಬೆರಳಿಟ್ಟಳು, ಇಷ್ಟೇ ಇಷ್ಟಿದೆಯಲ್ಲ ಎಂದಳು. ಆಮೇಲೆ ಬಾಯ್ಲರಿನವರು, ಪ್ರೆಸ್ಸಿನವರು, ನಾನು, ಗುಡಿಸುವವರು. ಕೊನೆಗೆ ನೋಡಿದರೆ ಸಾಲಿನ ತುದಿಯಲ್ಲಿ ಮ್ಯಾನೇಜರ್ ನಿಂತಿದ್ದರು. ತಮ್ಮ ಸರದಿ ಬಂದಾಗ ಬಗ್ಗಿ ಬಳೆಯ ಸುತ್ತ ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು, ಅವರಿಗೆ ಅದು ಸಿಗಲಿಲ್ಲ. ಮಾವನವರು ಅವರ ತೋರುಬೆರಳನ್ನು ಮೆಲ್ಲಗೆ ಹಿಡಿದು ಆ ಜಾಗದ ಮೇಲೆ ಇಟ್ಟರು. ಮ್ಯಾನೇಜರ್ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ನೆಟ್ಟಗೆ ನಿಂತು, ಈ ತುದಿ ಆಯಿತು, ಆ ತುದಿಯ ಬೇರಿಂಗೂ ಇವತ್ತೇ ಬಿಚ್ಚಿ ನೋಡಿಬಿಡಿ ಎಂದರು.